ದೋಣಿಯ ಹಿಂಭಾಗ ಕೂರದಂತೆ ತೇಲು ಡಬ್ಬ ಹಾಕುವುದು ಹೇಗೆ?

ತುಂಗಭದ್ರಾ ಹಿನ್ನೀರಿನಲ್ಲಿ ಸಪಾಟ ತಳದ ಸಣ್ಣ ದೋಣಿಗೆ ಮೋಟರ್ ಕಟ್ಟಿದವರ ದೂರು ಒಂದೇ. ಹಿಂಭಾಗ ಕೂತುಬಿಡುತ್ತದೆ, ಮೂತಿ ಮೇಲೇಳುತ್ತದೆ, ಫ್ಯಾನು ಕೆಸರಿಗೆ ತಾಗುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಅಂಚಿನಲ್ಲಿ ಆಳ ಎಲ್ಲಿಂದ ಬರಬೇಕು? ಇದಕ್ಕಿರುವ ಮದ್ದು, ಹಿಂಬದಿಯ ಹಲಗೆಗೆ ಮೋಟರಿನ ಆಚೆ ಈಚೆ ಒಂದೊಂದು ಗಾಳಿ ಡಬ್ಬ. ಬಳ್ಳಾರಿ, ಕೊಪ್ಪಳ ಕಡೆ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ, ಡಬ್ಬ ಯಾರಾದರೂ ಮಾಡಿಕೊಡುತ್ತಾರೆ. ಅದು ಸೋರದಂತೆ ಮಾಡುವುದರಲ್ಲೇ ಜನ ಎಡವುವುದು.

ಅಳತೆ. 60 ಸೆಂ.ಮೀ. ಉದ್ದ, 30 ಅಗಲ, 25 ಎತ್ತರದ ಡಬ್ಬದಲ್ಲಿ 45 ಲೀಟರ್ ಜಾಗ. ಪೂರ್ತಿ ಮುಳುಗಿದರೆ 45 ಕಿಲೋ ಎತ್ತುತ್ತದೆ, ಅದರಲ್ಲಿ ಡಬ್ಬದ ತೂಕ ಕಳೆಯಬೇಕು. 2 ಮಿ.ಮೀ. ಕಬ್ಬಿಣದ ತಗಡಾದರೆ ಡಬ್ಬವೇ ಹನ್ನೆರಡೂವರೆ ಕಿಲೋ ದಾಟುತ್ತದೆ. 3 ಮಿ.ಮೀ. ಅಲ್ಯೂಮಿನಿಯಂ ಆದರೆ ಆರೂವರೆ ಕಿಲೋ ಅಷ್ಟೇ. ಅರ್ಧ ಮುಳುಗಿದ ಕಬ್ಬಿಣದ ಡಬ್ಬ ತನ್ನ ತೂಕ ಬಿಟ್ಟು ಹತ್ತು ಕಿಲೋ ಎತ್ತಿದರೆ ಹೆಚ್ಚು. ಅಗ್ಗ ಅಂತ ಕಬ್ಬಿಣಕ್ಕೆ ಹೋಗಬೇಡಿ.

ಕತ್ತರಿಸಿ ಬೆಸೆಯುವುದು. ಅಲ್ಯೂಮಿನಿಯಂ ಆದ್ದರಿಂದ ಆರ್ಗಾನ್ ಅನಿಲ ಬಿಟ್ಟು ಬೆಸೆಯುವ ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರಿಗೇ ಕೊಡಿ. ಹಿಂಬದಿ ಕೆಳಮೂಲೆಯಲ್ಲಿ ಬಿರಡೆ ಹಾಕಲು ಮರೆಯಾಗದ ಒಂದು ತೂತು ಇರಲಿ. ಬೋಲ್ಟ್ ಹಾಕಲು ಡಬ್ಬಕ್ಕೆ ಹೊರಗಡೆ ಕಿವಿಗಳನ್ನು ಬೆಸೆಸಿ. ಡಬ್ಬದ ಮೈಗೇ ತೂತು ಹೊಡೆದರೆ ಮಾಡಿದ್ದೆಲ್ಲ ದಂಡ.

ಸೋರಿಕೆ ನೋಡುವುದು. ಇಲ್ಲಿ ಅವಸರ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಟೈರಿಗೆ ತುಂಬಿದ ಹಾಗೆ ಗಾಳಿ ತುಂಬುವವರಿದ್ದಾರೆ. 30 ಪಿಎಸ್‌ಐ ಎಂದರೆ ಟೈರಿಗೆ ಸಾಮಾನ್ಯ. ಆದರೆ 60ಕ್ಕೆ 30ರ ಸಪಾಟ ತಗಡಿನ ಮೇಲೆ ಅದು ಮೂರೂವರೆ ಟನ್‌ಗಿಂತ ಜಾಸ್ತಿ ಭಾರ. ಡಬ್ಬ ಉಬ್ಬುತ್ತದೆ, ಬೆಸುಗೆ ಸೀಳುತ್ತದೆ, ಸಿಡಿದರೆ ಎದುರಿಗಿದ್ದವರ ಗತಿ ಹೇಳುವುದೇ ಬೇಡ.

ಒತ್ತಡ ಅಳೆಯಲು ಗೌಂಡಿಗಳ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪನ್ನು 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ಹಾಕಿ. ಒಂದು ತುದಿಯನ್ನು ಬಿರಡೆಯ ತೂತಿಗೆ ಬಿಗಿಯಾಗಿ ಸೇರಿಸಿ, ನಡುವೆ ಮೂರು ಬಾಯಿಯ 'ಟಿ' ಜೋಡಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಹೊಡೆಯಿರಿ. ಎರಡು ಬದಿಯ ನೀರಿನ ನಡುವೆ ಅರ್ಧ ಮೀಟರ್ ವ್ಯತ್ಯಾಸ ಬಂದರೆ ನಿಲ್ಲಿಸಿ. ಅಷ್ಟಕ್ಕೇ ದೊಡ್ಡ ತಗಡಿನ ಮೇಲೆ ಸುಮಾರು 90 ಕಿಲೋ ಬೀಳುತ್ತದೆ. ಈಗ ಬೆಸುಗೆಗಳಿಗೆಲ್ಲ ಸೋಪು ನೀರು ಸವರಿ. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮೂಲೆಗಳನ್ನು ಎರಡು ಸಲ ನೋಡಿ, ಬೆಸುಗೆ ಶುರುವಾಗಿ ನಿಂತ ಜಾಗ ಅಲ್ಲೇ ಇರುತ್ತದೆ.

ಇದನ್ನು ಬೆಳಿಗ್ಗೆ, ನೆರಳಲ್ಲಿ ಮಾಡಿ. ರಾಯಚೂರು, ಕೊಪ್ಪಳದ ಬಿಸಿಲಿಗೆ ಡಬ್ಬ ಹತ್ತು ಡಿಗ್ರಿ ಕಾದರೂ ಒಳಗಿನ ಒತ್ತಡ ಮೂವತ್ತು ಸೆಂ.ಮೀ. ನೀರಿನಷ್ಟು ಏರುತ್ತದೆ. ಪೈಪಿನ ನೀರು ಇಳಿಯದೆ, ಸೋರುತ್ತಿರುವ ಡಬ್ಬವೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮತ್ತೆ ಬೆಸೆಯುವ ಮುಂಚೆ ಬಿರಡೆ ತೆಗೆದಿರಲೇಬೇಕು. ಮುಚ್ಚಿದ ಡಬ್ಬಕ್ಕೆ ಬೆಂಕಿ ಹಿಡಿಯಬಾರದು.

ಎರಡು ಮುದ್ದೆ ಕಲಸಿ ಹಚ್ಚುವ ಸೀಲನ್ನು ತೂತಿಗೆ ಮೆತ್ತಿ ಮುಗಿಸುತ್ತಾರಲ್ಲ, ಅದು ದೋಣಿಯ ನಡುಕಕ್ಕೆ ಬಿರುಕು ಬಿಡುತ್ತದೆ. ಡಬ್ಬದೊಳಗೆ ತುಂಬಲು ಬಾಗಿಲ ಸಂದಿಗೆ ಹೊಡೆಯುವ ಫೋಮ್ ಕೂಡ ಬೇಡ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು, ಮುಚ್ಚಿದ ಡಬ್ಬದ ನಡುವೆ ಹಸಿಯಾಗಿಯೇ ಉಳಿಯುತ್ತದೆ. ನನ್ನ ಕೇಳಿದರೆ ಖಾಲಿ ಗಾಳಿಯೇ ಒಳ್ಳೆಯದು, ನೀರು ಹೊಕ್ಕರೆ ಕುಲುಕಿದಾಗ ಸದ್ದಿನಲ್ಲೇ ತಿಳಿಯುತ್ತದೆ. ನೀಲಿ ಪ್ಲಾಸ್ಟಿಕ್ ಡ್ರಮ್ ಕಟ್ಟುವುದು ಕೆರೆಯಲ್ಲಿ ಹುಟ್ಟು ಹಾಕುವವರಿಗೆ ನಡೆದೀತು, ಮೋಟರಿಗಲ್ಲ.

ಕೂರಿಸುವುದು. ಡಬ್ಬದ ಅಡಿ ದೋಣಿಯ ಅಡಿಗಿಂತ ಒಂದು ಬೆರಳು ಮೇಲಿರಲಿ. ಕೆಳಗಿಳಿದರೆ ನೀರನ್ನು ತಡೆದು ಎಳೆಯುತ್ತದೆ, ಕಲ್ಲಿಗೂ ಮೊದಲು ಅದೇ ತಾಗುತ್ತದೆ. ಬೋಲ್ಟ್ ಬಿಗಿಯುವ ಮುಂಚೆ ಮೋಟರನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮೇಲೆತ್ತಿ ನೋಡಿ. ನಾಲ್ಕು ಬೆರಳು ಜಾಗ ಉಳಿಯಬೇಕು. ಸ್ಟೇನ್‌ಲೆಸ್ ಬೋಲ್ಟು, ರಬ್ಬರ್ ವಾಷರ್, ಒಳಗಡೆ ದಪ್ಪ ತಗಡು. ದೋಣಿ ಕಬ್ಬಿಣದ್ದಾದರೆ ನಡುವೆ ರಬ್ಬರ್ ಹಾಳೆ ಬೇಕೇ ಬೇಕು. ಎರಡು ಲೋಹ ಒದ್ದೆಯಲ್ಲಿ ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ.

ನೀರಿಗೆ ಇಳಿಸುವುದು. ಮೊದಲು ಒಬ್ಬರೇ, ಲೈಫ್ ಜಾಕೆಟ್ ಹಾಕಿ, ದಡದ ಹತ್ತಿರ ಓಡಿಸಿ. ಮೂತಿ ನೀರಿಗೆ ಕುಕ್ಕಿದರೆ ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಸ್ವಲ್ಪ ಹಿಂದಕ್ಕೆ ಸರಿಸಿ. ಹಿಂಭಾಗ ಎದ್ದಿತಲ್ಲ ಅಂತ ಇನ್ನಿಬ್ಬರನ್ನು ಹತ್ತಿಸಬೇಡಿ. ದೋಣಿಯ ಅಗಲ ಮೊದಲಿನಷ್ಟೇ ಇದೆ, ಪಕ್ಕಕ್ಕೆ ವಾಲುವ ಅಪಾಯ ಎಲ್ಲಿಗೂ ಹೋಗಿಲ್ಲ.

ದೋಣಿ ದಡಕ್ಕೆ ತಂದ ಮೇಲೆ ಎರಡೂ ಬಿರಡೆ ಬಿಚ್ಚಿಡಿ. ಬಿಸಿಲಿಗೆ ಕಾದ ಮುಚ್ಚಿದ ಡಬ್ಬವನ್ನು ತಣ್ಣನೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೂಜಿ ಮೊನೆಯಷ್ಟು ತೂತಿದ್ದರೂ ನೀರು ಹೀರುತ್ತದೆ. ನೀರಿಗೆ ಇಳಿಸುವ ಮುಂಚೆ ಡಬ್ಬ ತಣ್ಣಗಾಗಲಿ, ಆಮೇಲೆ ಬಿರಡೆ ಬಿಗಿಯಿರಿ.