16 ಓಮ್ ಸ್ಪೀಕರ್ ಕೊನೆಗೂ ಬಾಯಿಬಿಟ್ಟಿತು

ಅಜ್ಜನ ವಾಲ್ವ್ ರೇಡಿಯೋ ಕೆಟ್ಟು ಎಷ್ಟೋ ವರ್ಷವಾಗಿತ್ತು. ಸ್ಪೀಕರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಹಿಂದೆ 16 ಓಮ್ ಅಂತ ಬರೆದಿತ್ತು. ಮೀಟರ್ ಇಟ್ಟರೆ 13 ತೋರಿಸಿತು. ಡಿಸಿಯಲ್ಲಿ ಅಳೆದರೆ ಸ್ವಲ್ಪ ಕಡಿಮೆಯೇ ಬರುತ್ತದೆ, ಅದು ಸರಿ.

ಅದನ್ನು ಮತ್ತೆ ನುಡಿಸೋಣ ಅಂತ, ಕೈಯಲ್ಲಿದ್ದ ಟಿಡಿಎ2003 ಎಂಬ ಆಂಪ್ಲಿಫೈಯರ್ ಚಿಪ್ಪಿನ ಬೋರ್ಡಿಗೆ 12 ವೋಲ್ಟ್ ಕೊಟ್ಟೆ. ಶಬ್ದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ! ವಾಲ್ಯೂಮ್ ಏರಿಸಿದರೆ ಬರೀ ಗೊರಗೊರ.

ತಪ್ಪು ಚಿಪ್ಪಿನದಲ್ಲ, ನನ್ನದು. ಅದು ಕಾರಿನ 4 ಓಮ್ ಸ್ಪೀಕರಿಗೆ ಮಾಡಿದ್ದು. ಕರೆಂಟ್ ಜಾಸ್ತಿ, ವೋಲ್ಟೇಜ್ ಕಡಿಮೆ. 12 ವೋಲ್ಟಿನಲ್ಲಿ ಪೀಕ್, ಅಂದರೆ ಅಲೆಯ ತುದಿ, 5 ವೋಲ್ಟ್ ಸಿಕ್ಕರೆ ಹೆಚ್ಚು. ಅದರ ವರ್ಗವನ್ನು 32ರಿಂದ, ಅಂದರೆ 16ರ ಎರಡರಷ್ಟರಿಂದ, ಭಾಗಿಸಿದರೆ 0.78 ವ್ಯಾಟ್. 16 ಓಮ್ ಕೇಳುವುದು ವೋಲ್ಟೇಜನ್ನು, ಅಲ್ವಾ?

ಎಲ್ಎಂ1875 ಎಂಬ ಇನ್ನೊಂದು ಆಂಪ್ಲಿಫೈಯರ್ ಚಿಪ್ ಕೊಂಡು ತಂದೆ. ಒಟ್ಟು 60 ವೋಲ್ಟ್‌ವರೆಗೂ ತಡೆಯುತ್ತದೆ. 18-0-18 ಟ್ರಾನ್ಸ್‌ಫಾರ್ಮರಿನ ಎಸಿಯನ್ನು ಡಿಸಿ ಮಾಡಿದಾಗ ಪ್ಲಸ್, ಮೈನಸ್ ಎರಡೂ ಕಡೆ 24 ವೋಲ್ಟ್ ಬಂತು. ಪೀಕ್ 21 ಅಂದುಕೊಂಡರೂ ಸುಮಾರು 14 ವ್ಯಾಟ್.

ಮೊದಲ ಸಲ ಆನ್ ಮಾಡಿದಾಗ ಫ್ಯೂಸ್ ಢಂ! ಚಿಪ್ಪಿನ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ. ನಾನು ಅದನ್ನು ಸುಮ್ನೆ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ತುಂಡು), ಹೀಟ್‌ಸಿಂಕನ್ನು ಗ್ರೌಂಡಾದ ಪೆಟ್ಟಿಗೆಗೆ ಬಿಗಿದಿದ್ದೆ. ಮೈನಸ್ ಗ್ರೌಂಡಿಗೆ ಶಾರ್ಟ್ ಆಗಿತ್ತು. ಕರೆಂಟ್ ದಾಟದಂತೆ ಚಿಪ್ಪು, ಹೀಟ್‌ಸಿಂಕಿನ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಿದೆ. ಈಗ ಬೆಳಗಿನ ವಾರ್ತೆ ಅಡುಗೆಮನೆವರೆಗೂ ಕೇಳಿಸುತ್ತದೆ.