ಕಾಫಿ ತೋಟದಲ್ಲಿ ಕೂತು ಲಂಗರು ಆರಿಸಿದ್ದು

ಸಕಲೇಶಪುರದ ತೋಟದಲ್ಲಿ ಕೂತವನಿಗೆ ಲಂಗರಿನ ಚಿಂತೆ ಯಾಕೆ ಎಂದು ನೆಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು ನಾನು. ನಿವೃತ್ತನಾಗಿ ಕಾಫಿ ನೋಡಿಕೊಳ್ಳಲು ಊರಿಗೆ ಬಂದೆ, ಸಮುದ್ರದ ಹುಚ್ಚು ಮಾತ್ರ ಹಿಂದೆಯೇ ಬಂತು. ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಪಾಲಿನಲ್ಲಿ ಕೊಂಡ 34 ಅಡಿಯ ಹಾಯಿದೋಣಿ ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದ ಮರೀನಾದಲ್ಲಿದೆ. ತೂಕ ಸುಮಾರು ಆರು ಟನ್. ಮಳೆಗಾಲ ಕಳೆದು ಅರೇಬಿಕಾ ಕೊಯ್ಲು ಹಿಡಿಯುವ ಮೊದಲು ಒಂದಿಷ್ಟು ದಿನ, ರೊಬಸ್ಟಾ ಮುಗಿದು ಹೂಮಳೆ ಬಿದ್ದ ಮೇಲೆ ಇನ್ನೊಂದಿಷ್ಟು ದಿನ ಗೋವಾದವರೆಗೆ ಹೋಗಿ ಬರುತ್ತೇವೆ.

ದೋಣಿಯ ಜೊತೆಗೇ ಬಂದ ಲಂಗರು ನೇಗಿಲ ಮಾದರಿಯದು, 15 ಕಿಲೋ. ಇದರ ಮೂಲ ವಿನ್ಯಾಸ ಸಿಕ್ಯೂಆರ್. ಬ್ರಿಟನ್ನಿನ ಭೌತವಿಜ್ಞಾನಿ ಜಿ.ಐ. ಟೇಲರ್ 1933ರಲ್ಲಿ ರೂಪಿಸಿದ್ದು. ನಮ್ಮದು ಅದರ ನಕಲು. ಸರಪಳಿ ಕಟ್ಟುವ ದಂಡ ಮತ್ತು ಮಣ್ಣಿಗೆ ನಾಟುವ ಅಲಗಿನ ನಡುವಿನ ಕೀಲು ಸವೆದು ಲೊಡಲೊಡ ಎನ್ನುತ್ತಿತ್ತು. ಸಂಜೆ ನೀರು ಒಂದೇ ದಿಕ್ಕಿಗೆ ಹರಿಯುತ್ತಿರುವಾಗ ಅದು ಚೆನ್ನಾಗಿಯೇ ಹಿಡಿಯುತ್ತಿತ್ತು. ತೊಂದರೆ ಶುರುವಾಗುತ್ತಿದ್ದುದು ನಡುರಾತ್ರಿ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಆರು ಗಂಟೆಗೊಮ್ಮೆ ಭರತ ಹೋಗಿ ಇಳಿತ, ಇಳಿತ ಹೋಗಿ ಭರತ. ದೋಣಿ ಅರ್ಧ ಸುತ್ತು ತಿರುಗುತ್ತದೆ, ಸರಪಳಿ ಲಂಗರನ್ನು ಹಿಂದಿನಿಂದ ಎಳೆಯುತ್ತದೆ. ಗೋವಾದ ಜುವಾರಿ ನದಿಯಲ್ಲಿ ಒಂದು ರಾತ್ರಿ ಹೀಗೆಯೇ ಲಂಗರು ಕಿತ್ತುಕೊಂಡು, ಸಾಲಾಗಿ ನಿಂತಿದ್ದ ಟ್ರಾಲ್ ಬೋಟುಗಳತ್ತ ನಾವು ತೇಲತೊಡಗಿದೆವು. ಎಂಜಿನ್ ಹಾಕಿ ಪಾರಾದೆವು. ಬೆಳಗಾಗುವ ಮೊದಲೇ ಹೊಸ ಲಂಗರಿನ ತೀರ್ಮಾನವೂ ಆಗಿತ್ತು.

ತಯಾರಕರ ಕರಪತ್ರಗಳಲ್ಲಿ ಮೊದಲು ಕಾಣುವುದು ಹಿಡಿತದ ಅಂಕಿ, ಅಂದರೆ ಇಷ್ಟು ಕಿಲೋ ತೂಕದ ಲಂಗರು ಇಷ್ಟು ಟನ್ ಎಳೆತ ತಡೆಯುತ್ತದೆ ಎಂಬ ಲೆಕ್ಕ. ಆ ಅಂಕಿಗಳು ಬಹುಮಟ್ಟಿಗೆ ನೇರ ಎಳೆತದವು, ನನಗೆ ಬೇಕಾಗಿದ್ದುದು ಬೇರೆಯೇ. ತಿರುಗಿಸಿ ಎಳೆದಾಗ ಲಂಗರು ಏನು ಮಾಡುತ್ತದೆ? ಕಿತ್ತುಕೊಂಡರೂ ತನ್ನಷ್ಟಕ್ಕೆ ಮತ್ತೆ ನಾಟಿಕೊಳ್ಳುತ್ತದೆಯೇ? ಅಳಿವೆಯಲ್ಲಿ ಮಲಗುವವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕು ಎನಿಸಿತು. ಬೇಸಿಗೆಯಲ್ಲಿ ಹೇಮಾವತಿ ಜಲಾಶಯ ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ವಿಶಾಲವಾದ ಕೆಸರು ಬಯಲು ಏಳುತ್ತದೆ. ಮೇಲೆ ಬಿರುಕು ಬಿಟ್ಟ ಗಟ್ಟಿ ಪದರ, ನೀರಿನಂಚಿಗೆ ಹೋದಂತೆ ಬೆಣ್ಣೆಮಣ್ಣು. ಜೀಪಿನಲ್ಲಿ ಹಳೆಯ ನೇಗಿಲ ಲಂಗರು, ಮಂಗಳೂರಿನ ಪರಿಚಯದವರಿಂದ ಎರವಲು ತಂದ ಡ್ಯಾನ್‌ಫೋರ್ತ್ ಮಾದರಿಯ ಚಪ್ಪಟೆ ಲಂಗರು, ಹಾಸನದ ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಶೆಡ್ಡಿನಲ್ಲಿ ನಕ್ಷೆ ಕೊಟ್ಟು ಮಾಡಿಸಿದ ಐದು ಕಿಲೋದ ತಗ್ಗು ಅಲಗಿನ (ಗುದ್ದಲಿಯ ಹಾಗೆ ಒಳಕ್ಕೆ ಬಾಗಿದ) ಮಾದರಿ, ಇಷ್ಟನ್ನು ತುಂಬಿಕೊಂಡು ಹೊರಟೆವು. ಎಳೆಯುವುದಕ್ಕೆ ತೋಟದಲ್ಲಿ ಮರದ ದಿಮ್ಮಿ ಜಗ್ಗುವ ಕೈವಿಂಚ್ ಇತ್ತು. ನಡುವೆ ಒಂದು ಟನ್‌ವರೆಗಿನ ಎಳೆತ ತೋರಿಸುವ, ಕೊಕ್ಕೆಗೆ ನೇತುಹಾಕುವ ತೂಗುಯಂತ್ರ.

ನೇಗಿಲ ಲಂಗರು ಪಕ್ಕಕ್ಕೆ ಒರಗಿ, ಗಟ್ಟಿ ಪದರವನ್ನು ಕೆರೆದುಕೊಂಡು ಬಹಳ ದೂರ ಬಂತು. ಆಮೇಲೆ ಹೂತರೂ ನಿಲ್ಲಲಿಲ್ಲ, ಯಂತ್ರದ ಅಂಕಿ ಏರುವುದು, ಧಡಕ್ಕನೆ ಬೀಳುವುದು. ಹಿಂದೆ ನೋಡಿದರೆ ಉದ್ದಕ್ಕೂ ಉತ್ತ ಸಾಲು. ವಿಂಚಿನ ಹಿಡಿ ತಿರುಗಿಸುತ್ತಿದ್ದ ನಮ್ಮ ಮೇಸ್ತ್ರಿ ನಕ್ಕುಬಿಟ್ಟ. “ಅಯ್ಯಾ, ನೇಗಿಲು ಇರುವುದೇ ಮಣ್ಣು ಸೀಳಿಕೊಂಡು ಮುಂದೆ ಹೋಗುವುದಕ್ಕೆ. ಒಂದೇ ಕಡೆ ಕಚ್ಚಿ ನಿಲ್ಲಬೇಕಾದರೆ ಗುದ್ದಲಿ ಹಾಕಬೇಕು.” ಹೊಸ ತಲೆಮಾರಿನ ಲಂಗರುಗಳೆಲ್ಲ ಮಾಡಿರುವುದು ಅದನ್ನೇ. ಅಲಗಿನ ಉಬ್ಬನ್ನು ಬಿಟ್ಟು ತಗ್ಗು ಕೊಟ್ಟಿದ್ದಾರೆ.

ಡ್ಯಾನ್‌ಫೋರ್ತ್ ನನ್ನನ್ನು ಬೆರಗುಗೊಳಿಸಿತು. ನೇರ ಎಳೆತದಲ್ಲಿ ಕೂಡಲೇ ಕಚ್ಚಿತು, ಅಂಕಿ ಎಲ್ಲಕ್ಕಿಂತ ಮೇಲೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ದಂಡೆಗೆ ನುಗ್ಗುವ ಪಡೆದೋಣಿಗಳು ಇದನ್ನೇ ನೆಚ್ಚಿದ್ದು ಸುಮ್ಮನೆ ಅಲ್ಲ. ಆಮೇಲೆ ಜೀಪನ್ನು ಎದುರು ಬದಿಗೆ ತಂದು ತಿರುಗಿಸಿ ಎಳೆದೆವು. ಲಂಗರು ಮಗುಚಿತು. ಎರಡು ಅಲಗುಗಳ ನಡುವೆ ಮುಷ್ಟಿಗಾತ್ರದ ಜೇಡಿಯ ಹೆಂಟೆ ಸಿಕ್ಕಿಕೊಂಡು ಅಲಗುಗಳು ಕೆಳಗೆ ಬಾಗಲೇ ಇಲ್ಲ. ಚಪ್ಪಟೆಯಾಗಿ, ತಟ್ಟೆ ಜಾರಿದ ಹಾಗೆ ಬಂದುಬಿಟ್ಟಿತು. ವೆಲ್ಡಿಂಗ್ ಶೆಡ್ಡಿನ ಪುಟ್ಟ ಮಾದರಿ ಮಾತ್ರ ತಿರುಗಿಸಿದ ಕೂಡಲೇ ಮಗ್ಗುಲಾಗಿ, ತುದಿ ಚುಚ್ಚಿ, ತನ್ನ ಉದ್ದದಷ್ಟು ಜಾಗದೊಳಗೇ ಮತ್ತೆ ಮುಳುಗಿತು. ಹೇಮಾವತಿಯ ಜೇಡಿಗೂ ಸಮುದ್ರದ ತಳಕ್ಕೂ ವ್ಯತ್ಯಾಸವಿದೆ, ಐದು ಕಿಲೋ ಮಾದರಿಯ ಅಂಕಿಯನ್ನು ಹದಿನೈದು ಕಿಲೋದ ಜೊತೆ ಹೋಲಿಸುವಂತಿಲ್ಲ. ಆದರೆ ಸ್ವಭಾವ ತಿಳಿಯಿತು. ಮೀನು ಹಿಡಿಯಲು ಬಂದವರೊಬ್ಬರು ಬಹಳ ಹೊತ್ತು ನೋಡಿ, ದೋಣಿ ಎಲ್ಲಿ ಎಂದು ಕೇಳಿದರು. ಕೊಚ್ಚಿಯಲ್ಲಿ ಎಂದೆ. ಅವರು ಮುಂದೇನೂ ಕೇಳಲಿಲ್ಲ.

ಶೆಡ್ಡಿನಲ್ಲೇ ದೊಡ್ಡದೊಂದನ್ನು ಮಾಡಿಸಬಹುದಲ್ಲ ಎಂದು ಪಾಲುದಾರರು ಕೇಳಿದರು. ಬೇಡ. ಪಕ್ಕದ ಎಳೆತ ಬಂದಾಗ ಮೊದಲು ಬಾಗುವುದು ದಂಡ. ಒಳ್ಳೆಯ ತಯಾರಕರು ಅದಕ್ಕೆ ಹೆಚ್ಚು ಬಲದ ಉಕ್ಕು ಹಾಕುತ್ತಾರೆ. ಅಂಗಡಿಯ ಮೆದು ಉಕ್ಕಿನ ತಗಡಿನಿಂದ ಆ ಕೆಲಸ ಆಗದು.

ತಗ್ಗು ಅಲಗಿನವುಗಳಲ್ಲಿ ನನ್ನ ಕಣ್ಣು ಮೊದಲು ಹೋದದ್ದು ನ್ಯೂಜಿಲೆಂಡಿನ ಪೀಟರ್ ಸ್ಮಿತ್ ರೂಪಿಸಿದ ರೋಕ್ನಾ ಮೇಲೆ. ಬೆನ್ನ ಮೇಲೊಂದು ಕಮಾನು ಇರುವುದರಿಂದ ಅದು ಅಂಗಾತ ಬೀಳದೆ ಹೊರಳಿಕೊಳ್ಳುತ್ತದೆ. ಅಳತೆಯ ನಕ್ಷೆ ನೋಡಿ ಪ್ಲೈವುಡ್ಡಿನಲ್ಲಿ ಅದೇ ಗಾತ್ರದ ಆಕಾರ ಕತ್ತರಿಸಿ ಕೊಚ್ಚಿಗೆ ಒಯ್ದೆ. ಮಂಗಳೂರು ಬಸ್ಸಿನ ಕಂಡಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಯಾವ ದೇವರ ಆಯುಧ ಸ್ವಾಮಿ?” ಎಂದು ಕೇಳಿ ಲಗೇಜು ಚೀಟಿ ಹರಿದರು. ಆ ದುಡ್ಡು ವ್ಯರ್ಥವಾಗಲಿಲ್ಲ. ದೋಣಿಯ ಮುಂತುದಿಯಲ್ಲಿ ಲಂಗರು ಕೂರುವ ರೋಲರಿನ ಮೇಲೆ ಇಟ್ಟು ನೋಡಿದರೆ ಕಮಾನು ನೇರವಾಗಿ ಮುಂಹಾಯಿ ಸುತ್ತುವ ಡ್ರಮ್ಮಿಗೆ ತಾಗುತ್ತಿತ್ತು. ಲಂಗರು ಎಷ್ಟೇ ಒಳ್ಳೆಯದಿರಲಿ, ರೋಲರಿನಲ್ಲಿ ಭದ್ರವಾಗಿ ಕೂರದಿದ್ದರೆ ಅಲೆಯಲ್ಲಿ ದೋಣಿಯ ಮೂತಿಯನ್ನೇ ಗುದ್ದುತ್ತದೆ.

ಹಾಗಾಗಿ ಕಮಾನಿಲ್ಲದವು ಉಳಿದವು. ಫ್ರಾನ್ಸಿನ ಸ್ಪೇಡ್ ಬಹಳ ಇಷ್ಟವಾಯಿತು, ತುದಿಯಲ್ಲಿ ಸೀಸ ತುಂಬಿರುವುದರಿಂದ ಮೂಗು ಕೆಳಗಾಗಿಯೇ ಬೀಳುತ್ತದೆ. ಆದರೆ ಎಂಜಿನಿಯರನ ಬುದ್ಧಿ ಸುಮ್ಮನಿರಬೇಕಲ್ಲ. ಉಷ್ಣವಲಯದ ಉಪ್ಪುನೀರಿನಲ್ಲಿ ಸತುವಿನ ಲೇಪ ಸವೆಯುತ್ತದೆ, ಮತ್ತೆ ಅದ್ದಿಸಬೇಕಾಗುತ್ತದೆ. ಸತುವಿನ ತೊಟ್ಟಿಯ ಬಿಸಿ ಸುಮಾರು 450 ಡಿಗ್ರಿ. ಸೀಸ ಕರಗುವುದು 327ಕ್ಕೆ. ಅಂದರೆ ಸೀಸ ತೆಗೆಸಿ, ಅದ್ದಿಸಿ, ಮತ್ತೆ ತುಂಬಿಸುವ ಪಂಚಾಯಿತಿ. ಕೊನೆಗೆ ಅದೇ ಸ್ಮಿತ್ ಅವರ ವಲ್ಕನ್ ಆರಿಸಿದೆ. ಕಮಾನೂ ಇಲ್ಲ, ಸೀಸವೂ ಇಲ್ಲ.

ತೂಕದ ವಿಷಯದಲ್ಲಿ ನನಗೆ ಹೆಚ್ಚು ತರ್ಕ ಬೇಕಾಗಲಿಲ್ಲ. ದೋಣಿಗಳ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ಕೋಷ್ಟಕದಲ್ಲಿ 35 ಅಡಿಯ ದೋಣಿಗೆ 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ಗಾಳಿಯಲ್ಲಿ 900 ಪೌಂಡ್, ಅಂದರೆ 400 ಕಿಲೋಗೂ ತುಸು ಹೆಚ್ಚು ಎಳೆತವೆಂದು ಲೆಕ್ಕ. 42 ನಾಟ್‌ಗೆ ಅದರ ಇಮ್ಮಡಿ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೀಗೆ. ನಮ್ಮ ದೋಣಿಗೆ 15 ಕಿಲೋ ಸಾಕು ಎಂಬಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿ 20 ಕಿಲೋ ತರಿಸಿದೆ. ಐದು ಕಿಲೋ ಹೆಚ್ಚಾದರೆ ದೋಣಿಯ ಮುಂಭಾಗ ಭಾರವಾಗುತ್ತದೆ ಎಂದು ಕೊರಗುವವರು ತಮ್ಮ ಸರಪಳಿಯನ್ನೊಮ್ಮೆ ತೂಗಬೇಕು. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ. ನಮ್ಮ 50 ಮೀಟರ್‌ಗೆ 70 ಕಿಲೋ.

ಸರಪಳಿ ಬಿಡುವ ಉದ್ದದಲ್ಲಿ ಮಾತ್ರ ಹೊಸ ಲಂಗರು ಬಂತೆಂದು ಜಿಪುಣತನ ಮಾಡುವಂತಿಲ್ಲ. ಇಳಿತದಲ್ಲಿ ನಾಲ್ಕು ಮೀಟರ್ ಆಳವಿದ್ದರೆ ಭರತದ ಎರಡು ಮೀಟರ್, ನೀರಿನಿಂದ ರೋಲರಿನ ಎತ್ತರ 1.2 ಮೀಟರ್ ಸೇರಿಸಿ, ಐದರಿಂದ ಗುಣಿಸಿ 36 ಮೀಟರ್ ಬಿಡುತ್ತೇನೆ. ಗಾಳಿ ಜೋರಾದರೆ ಏಳರಿಂದ ಗುಣಿಸಬೇಕು. ಆಗ ಸರಪಳಿ ಮುಗಿದು ನೈಲಾನ್ ಹಗ್ಗವೂ ಇಳಿಯುತ್ತದೆ. ಲಂಗರಿಗೂ ಸರಪಳಿಗೂ ನಡುವೆ ಸ್ವಿವೆಲ್, ಅಂದರೆ ಸುತ್ತಲೂ ತಿರುಗುವ ಕೊಂಡಿ, ಹಾಕಿಲ್ಲ. ಪಾಲುದಾರರ ಒತ್ತಾಯವಿದ್ದರೂ ಪಿನ್ನು ಹಾಕಿ ಬಿಗಿಯುವ ಒಳ್ಳೆಯ ಕೊಂಡಿ (ಶ್ಯಾಕಲ್) ಒಂದೇ ಸಾಕು ಎಂದು ಹಟ ಹಿಡಿದೆ. ಅದರ ಪಿನ್ನು ಬಿಚ್ಚಿಕೊಳ್ಳದಂತೆ ತಂತಿ ಸುತ್ತಿದ್ದೇನೆ.

ಮುಂದಿನ ಸಲ ಜುವಾರಿಯಲ್ಲೇ ಹಾಕಿ ನೋಡಿದೆವು. ಎಂಜಿನ್ನನ್ನು ಹಿಮ್ಮುಖವಾಗಿ ನಿಧಾನಕ್ಕೆ ಏರಿಸುತ್ತ ನಿಮಿಷಕ್ಕೆ 2000 ಸುತ್ತಿಗೆ ತಂದರೂ ದಂಡೆಯ ಮರ ಮತ್ತು ಹಿಂದಿನ ಗುಡ್ಡ ಒಂದೇ ಸಾಲಿನಲ್ಲಿ ನಿಂತಿದ್ದವು, ಅಂದರೆ ದೋಣಿ ಕದಲಿರಲಿಲ್ಲ. ರಾತ್ರಿ ನೀರು ತಿರುಗಿತು. ಜಿಪಿಎಸ್ಸಿನಲ್ಲಿ ದೋಣಿಯ ಜಾಡು ಅರ್ಧಚಂದ್ರ ಬರೆದು ಅಲ್ಲಿಗೇ ನಿಂತಿತು.

ಕೊಚ್ಚಿಯ ಹಿನ್ನೀರಿನ ಗಂಜಿಯಂಥ ಕೆಸರಿಗೆ ಮಾತ್ರ ಈ ಮಾದರಿಯೂ ಅಷ್ಟಕ್ಕಷ್ಟೆ. ಅದಕ್ಕಾಗಿ ಅಲ್ಯೂಮಿನಿಯಂನ ಫೋರ್ಟ್ರೆಸ್ ಎಫ್‌ಎಕ್ಸ್-16 ಎರಡನೆಯದಾಗಿ ಇಟ್ಟುಕೊಂಡಿದ್ದೇವೆ. ತೂಕ ಬರೀ ನಾಲ್ಕೂವರೆ ಕಿಲೋ. ಇದೂ ಡ್ಯಾನ್‌ಫೋರ್ತ್ ಕುಲದ್ದೇ, ಹಾಗಾಗಿ ನೀರು ತಿರುಗುವ ಕಡೆ ಒಂಟಿಯಾಗಿ ಇದನ್ನು ನಂಬುವುದಿಲ್ಲ. ಅಲಗಿನ ಕೋನವನ್ನು ಮರಳಿಗೆ 32 ಡಿಗ್ರಿ, ಮೆದು ಕೆಸರಿಗೆ 45 ಎಂದು ಬದಲಿಸಬಹುದು. ನಾವು 45ರಲ್ಲಿ ಇಟ್ಟು, ಬಿಚ್ಚಿ, ಚೀಲದಲ್ಲಿ ಮಂಚದ ಕೆಳಗೆ ಸೇರಿಸಿದ್ದೇವೆ. ಸ್ಪ್ಯಾನರುಗಳೂ ಅದೇ ಚೀಲದಲ್ಲಿವೆ.