ಬತ್ತಿಸುಮನೆ: ಲೊರೀನ್ ನೀಡೆಕರ್ ಅವರನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಒಂಬತ್ತು ಸಾಲು, ಒಟ್ಟು 19 ಪದ. ಅಷ್ಟನ್ನು ಕನ್ನಡಕ್ಕೆ ತರಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕವಿತೆಯಲ್ಲಿ ತಾತ ‘ಒಂದು ಕಸುಬು ಕಲಿ’ ಅನ್ನುತ್ತಾನೆ. ಮೊಮ್ಮಗಳು ಮೇಜಿನ ಮುಂದೆ ಕೂತು ಮಾತನ್ನು ಗಟ್ಟಿ ಮಾಡುವುದನ್ನು ಕಲಿಯುತ್ತಾಳೆ. ಈ ಕಾರ್ಖಾನೆಯಲ್ಲಿ ಲೇಆಫ್ ಇಲ್ಲ ಎಂದು ಮಾತು ಮುಗಿಸುತ್ತಾಳೆ. ಆ ಕಾರ್ಖಾನೆಗೆ ಅವಳಿಟ್ಟ ಹೆಸರು ‘ಕಂಡೆನ್ಸರಿ’. ನಾನು ಸಿಕ್ಕಿಕೊಂಡದ್ದು ಅಲ್ಲಿ.

ಬರೆದವರು ಲೊರೀನ್ ನೀಡೆಕರ್. 1903ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫೋರ್ಟ್ ಅಟ್ಕಿನ್ಸನ್‌ನಲ್ಲಿ ಹುಟ್ಟಿ, ರಾಕ್ ನದಿಯ ದಂಡೆಯ ಬ್ಲ್ಯಾಕ್ ಹಾಕ್ ಐಲ್ಯಾಂಡ್‌ನಲ್ಲಿ ಬದುಕಿನ ಬಹುಪಾಲು ಕಳೆದವರು. ಅಪ್ಪ ಕಾರ್ಪ್ ಮೀನು ಹಿಡಿದು ಮಾರುತ್ತಿದ್ದರು. ಅಮ್ಮನಿಗೆ ಕಿವಿ ಕೇಳಿಸದಾಗುತ್ತ ಬಂದಾಗ ಮಗಳು ಬೆಲೋಯಿಟ್ ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಮರಳಿದರು. 1931ರಲ್ಲಿ ಕವಿ ಲೂಯಿಸ್ ಜುಕೋಫ್‌ಸ್ಕಿ ಸಂಪಾದಿಸಿದ ‘ಪೊಯೆಟ್ರಿ’ ಪತ್ರಿಕೆಯ ಸಂಚಿಕೆ ಓದಿ ಅವರಿಗೆ ಕಾಗದ ಬರೆದರು. ಆ ಕಾಗದಗಳ ಗೆಳೆತನ ಕೊನೆಯ ತನಕ ಉಳಿಯಿತು. ಹೊಟ್ಟೆಪಾಡಿಗೆ ಗ್ರಂಥಾಲಯದಲ್ಲಿ ದುಡಿದರು. 1944ರಿಂದ 1950ರವರೆಗೆ ‘ಹೋರ್ಡ್ಸ್ ಡೈರಿಮನ್’ ಎಂಬ ಹೈನುಗಾರಿಕೆಯ ಪತ್ರಿಕೆಯಲ್ಲಿ ಕರಡು ತಿದ್ದಿದರು. ಕಣ್ಣು ಮೊದಲೇ ಮಂದ. 1957ರಿಂದ ಕೆಲವು ವರ್ಷ ಆಸ್ಪತ್ರೆಯೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಮಾಡಿದರು.

ನಾನೂ ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಇಡೀ ದಿನ ಇನ್ನೊಬ್ಬರ ಅಕ್ಷರಗಳಲ್ಲಿ ಕಣ್ಣು ನೆಟ್ಟು, ಸಂಜೆ ಮನೆಗೆ ಬಂದು ತನ್ನದೇ ಒಂದು ಸಾಲು ಬರೆಯಲು ಎಷ್ಟು ಜೀವ ಉಳಿದಿರುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೇ ಅವರನ್ನು ಹಿಡಿದೆ, ಬಿಡಲಿಲ್ಲ. ನನ್ನ ಮೇಜಿನ ಮೇಲಿದ್ದದ್ದು ಜೆನ್ನಿ ಪೆನ್‌ಬರ್ತಿ ಸಂಪಾದಿಸಿದ, 2002ರ ಸಮಗ್ರ ಸಂಪುಟ.

ವಿಸ್ಕಾನ್ಸಿನ್ ಹಾಲಿನ ಸೀಮೆ. ಹಾಲಿನ ನೀರಿನಂಶ ತೆಗೆದು, ಗಟ್ಟಿಯಾಗಿಸಿ ಡಬ್ಬಿಗೆ ತುಂಬುವ ಕಾರ್ಖಾನೆಯೇ ಕಂಡೆನ್ಸರಿ. ಮಂಡ್ಯ ಕಡೆಯವಳಾದ ನನ್ನ ಬಾಯಿಗೆ ತಟ್ಟನೆ ಬಂದದ್ದು ‘ಆಲೆಮನೆ’. ಕೊಪ್ಪರಿಗೆಯಲ್ಲಿ ಕುದಿದು ಕುದಿದು ಪಾಕವಾಗುವ ಕಬ್ಬಿನ ರಸಕ್ಕೂ ನಾವು ‘ಕಬ್ಬಿನ ಹಾಲು’ ಅಂತಲೇ ಹೇಳುತ್ತೇವಲ್ಲ! ಮೂರು ವಾರ ಆ ಖುಷಿಯಲ್ಲೇ ಇದ್ದೆ.

ಆಮೇಲೆ ಅಪ್ಪ ನೆನಪಾದರು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ನೌಕರರಾಗಿದ್ದರು. ಕಬ್ಬು ಅರೆಯುವುದು ನಿಂತರೆ ಲೇಆಫ್. ಓದು ಬರದ ನಮ್ಮವ್ವನಿಗೂ ಗೊತ್ತಿದ್ದ ಇಂಗ್ಲಿಷ್ ಪದ ಅದು. ಆಲೆಮನೆಯ ಪಾಡೂ ಅಷ್ಟೇ: ಕಬ್ಬು ಮುಗಿದರೆ ಒಲೆ ಆರುತ್ತದೆ. ಕವಿತೆ ಹೇಳುತ್ತಿರುವುದೋ ಎಂದೂ ಆರದ ಒಲೆಯ ಮಾತು. ಜೊತೆಗೆ, ಅವರ ಹಾಲನ್ನು ತಂದು ನಮ್ಮ ಕಬ್ಬಿನ ಗದ್ದೆಗೆ ಸುರಿಯುವ ಹಕ್ಕು ನನಗೇನಿದೆ? ಆಲೆಮನೆಯನ್ನು ಹೊಡೆದುಹಾಕಿದೆ. ಅದರ ‘ಮನೆ’ಯನ್ನಷ್ಟೇ ಉಳಿಸಿಕೊಂಡು, ಅಡುಗೆಮನೆಯಲ್ಲಿ ಹಾಲಿಗೆ ನಾವು ಹೇಳುವ ‘ಬತ್ತಿಸು’ವನ್ನು ಸೇರಿಸಿ ‘ಬತ್ತಿಸುಮನೆ’ ಮಾಡಿಕೊಂಡೆ. ಲೇಆಫನ್ನು ಮುಟ್ಟಲಿಲ್ಲ. ‘ಉದ್ಯೋಗ ಕಡಿತ’ ಎಂದು ಬರೆದಿದ್ದರೆ ಅದು ನೋಟಿಸ್ ಬೋರ್ಡಿನ ಭಾಷೆಯಾಗುತ್ತಿತ್ತು, ನಮ್ಮವ್ವನ ಭಾಷೆಯಲ್ಲ.

ಇನ್ನುಳಿದದ್ದು ತೂಕದ ಲೆಕ್ಕ. ನನ್ನ ಮೊದಲ ಕರಡಿನಲ್ಲಿ ‘ಮೇಜಿನ ಮುಂದೆ ಕುಳಿತುಕೊಳ್ಳುವುದನ್ನು ಕಲಿತುಕೊಂಡೆನು’ ಎಂದಿತ್ತು. ಆ ಒಂದು ಸಾಲು ಅವರ ಇಡೀ ಕವಿತೆಯನ್ನು ಮುಳುಗಿಸುವಷ್ಟು ಭಾರ. ನಮ್ಮ ಪ್ರತ್ಯಯಗಳು ಪದವನ್ನು ಉದ್ದಕ್ಕೆ ಎಳೆಯುತ್ತವೆ. ಆದರೆ ಕನ್ನಡ ಕೊಡುವುದೂ ಉಂಟು. ‘ಕಲಿತೆ’ ಎಂದರೆ ಅದರೊಳಗೇ ‘ನಾನು’ ಇದೆ, ಬೇರೆ ಹೇಳಬೇಕಿಲ್ಲ. ಊಟಕ್ಕೆ ಕೂರುತ್ತೇವೆ, ನೇಕಾರರು ಮಗ್ಗಕ್ಕೆ ಕೂರುತ್ತಾರೆ. ಹಾಗೇ ‘ಮೇಜಿಗೆ ಕೂತು / ಬತ್ತಿಸಲು / ಕಲಿತೆ’ ಎಂದಿಟ್ಟೆ. ಕಸುಬಿನ ವಾಸನೆ ಬಂತು.

ಇನ್ನೊಂದು ಕವಿತೆಯಲ್ಲಿ, ತಾನು ಬಾಳಿದ ಜಾಗವನ್ನು ಹಾಡುವ ದೀರ್ಘ ಕವಿತೆ ಅದು, ಮೀನು, ಹಕ್ಕಿ, ಪ್ರವಾಹ ಎಂಬ ಮೂರು ಪದಗಳು ಮೊದಲಿಗೇ ಒಂದರ ಕೆಳಗೊಂದು ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಫ’ಕಾರ: ಫಿಶ್, ಫೌಲ್, ಫ್ಲಡ್. ಕನ್ನಡಕ್ಕೆ ಅದು ಹೊರಗಿನ ದನಿ. ನಾನು ‘ನ’ಕಾರ ಹಿಡಿದೆ: ಮೀನು, ನೀರಹಕ್ಕಿ, ನೆರೆ. ಬರೆದಾದ ಮೇಲೆ ಗಮನಿಸಿದೆ, ನಮ್ಮಲ್ಲಿ ನೆರೆ ಅಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ರಾಕ್ ನದಿ ಉಕ್ಕಿ ಅವರ ಅಂಗಳಕ್ಕೆ ಬರುತ್ತಿತ್ತು. ಇವರು ಕವಿ ಎಂಬುದು ನೆರೆಮನೆಯ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಮೂಲದಲ್ಲಿಲ್ಲದ ಈ ಎರಡನೇ ಅರ್ಥವನ್ನು ಇಟ್ಟುಕೊಳ್ಳಬಹುದೇ ಎಂದು ಬಹಳ ಯೋಚಿಸಿದೆ. ಇಟ್ಟುಕೊಂಡೆ.

ಸಾಲು ಎಲ್ಲಿ ಮುರಿಯಬೇಕೆಂದು ತಿಳಿಯದಾದಾಗಲೆಲ್ಲ ಅವರ ದನಿ ಕೇಳಿದೆ. 1970ರ ನವೆಂಬರಿನಲ್ಲಿ ಕವಿ ಸಿಡ್ ಕೋರ್ಮನ್ ನೀಡೆಕರ್ ಮನೆಗೆ ಹೋಗಿ ಮಾಡಿಕೊಂಡ ಧ್ವನಿಮುದ್ರಣವೊಂದೇ ನಮಗೆ ಉಳಿದಿರುವುದು. ಮರುತಿಂಗಳು, ಡಿಸೆಂಬರ್ 31ರಂದು ನೀಡೆಕರ್ ತೀರಿಕೊಂಡರು. ಕೇಳುವಾಗ ನಾನು ಪದಗಳಿಗಿಂತ ಅವರು ಉಸಿರು ನಿಲ್ಲಿಸುವ ಕಡೆಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ.

ಈಗ ಮೇಜಿನ ಮೇಲಿರುವುದು ಸುಪೀರಿಯರ್ ಸರೋವರದ ಕವಿತೆ. 1966ರಲ್ಲಿ ಗಂಡ ಆಲ್ಬರ್ಟ್ ಮಿಲನ್ ಜೊತೆ ಕಾರಿನಲ್ಲಿ ಆ ಸರೋವರವನ್ನು ಸುತ್ತಿ ಬಂದರು. ಕಲ್ಲು, ಅದಿರು, ಹಳೆಯ ಯಾತ್ರಿಕರ ಬಗ್ಗೆ ರಾಶಿ ರಾಶಿ ಟಿಪ್ಪಣಿ ಮಾಡಿದರು. ಕೊನೆಗೆ ಅವೆಲ್ಲ ಕೆಲವೇ ಪುಟಗಳ ಕವಿತೆಯಾಗಿ ಇಳಿದವು. ಜೀವವಿರುವ ಪ್ರತಿಯೊಂದರಲ್ಲೂ ಒಮ್ಮೆ ಕಲ್ಲಾಗಿದ್ದದ್ದು ಇದೆ, ನೆತ್ತರಲ್ಲಿ ಕಲ್ಲಿನ ಖನಿಜವಿದೆ ಎಂದು ಅದು ಶುರುವಾಗುತ್ತದೆ. ‘ಖನಿಜ’ ಎಂದರೆ ಶಾಲೆಯ ವಿಜ್ಞಾನದ ಪುಸ್ತಕ ತೆರೆದ ಹಾಗಾಗುತ್ತದೆ. ಮೊನ್ನೆ ರಾತ್ರಿ ಅದನ್ನು ಹೊಡೆದು ‘ಕಲ್ಲಿನ ಸಾರ’ ಎಂದು ಬರೆದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಸಾರವೂ ಹೆಚ್ಚಾಗಿತ್ತು. ಸದ್ಯಕ್ಕೆ ‘ನೆತ್ತರಲ್ಲಿ ಕಲ್ಲು’ ಎಂಬಷ್ಟೇ ಉಳಿದಿದೆ.